ಕಿಟಕಿಯಂಚಿನ ರೊಟ್ಟಿ

"ಕೈ ಮೇಲೆತ್ತು," ಎಂದ ಇನ್ಸ್‌ಪೆಕ್ಟರ್ ಖಮೈಸ್.

ಹಯಾತ್ ಠಾಣೆಯ ಗೋಡೆಗೆ ಮುಖ ಮಾಡಿ ಕೈ ಎತ್ತಿದಳು. ಗೋಡೆಯ ಮೇಲೆ ಅವನು ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿದ್ದ. ಅವಳ ಬೆರಳ ತುದಿ ಗೆರೆಗಿಂತ ಗೇಣು ಕೆಳಗೇ ನಿಂತಿತು.

"ಹಿಮ್ಮಡಿ ಎತ್ತಿ ನಿಲ್ಲು."

"ನೇಣಿಗೆ ಅಳತೆ ತಗೋತಿದೀರಾ, ಸೀ ಖಮೈಸ್?" ಮರ್ಯಾದೆಯ 'ಸೀ' ಮಾತ್ರ ಬಿಡಲಿಲ್ಲ ಅವಳು.

"ಎತ್ತು ಅಂದೆ."

ಎತ್ತಿದಳು. ಆಗಲೂ ಮುಟ್ಟಲಿಲ್ಲ. ಬೆಂಚಿನ ಮೇಲೆ ಕೂತು ನೋಡುತ್ತಿದ್ದ ಪೇದೆ ನೌಫಲ್ "ಆಗಲ್ಲ ಸಾರ್, ಇವಳು ನಮ್ಮಮ್ಮನಿಗಿಂತ ಕುಳ್ಳಿ," ಎಂದು ತೀರ್ಪು ಕೊಟ್ಟ.

ಖಮೈಸ್ ತಲೆಯಾಡಿಸಿದ. ಖುಷಿಯಾಗಬೇಕಿತ್ತು, ಆಗಲಿಲ್ಲ. ವಸಂತದಲ್ಲಿ ಹೆಂಡತಿ ಸಿಹೆಮ್ ತೀರಿಕೊಂಡ ಮೇಲೆ ಅವನಿಗೆ ಖುಷಿ, ಸಿಟ್ಟು, ಹಸಿವು ಯಾವುದೂ ಸರಿಯಾಗಿ ಬಂದು ಮುಟ್ಟುತ್ತಿರಲಿಲ್ಲ. ಮೂಗಿಗೆ ವಾಸನೆ ಸಹ ಹತ್ತುತ್ತಿರಲಿಲ್ಲ. ಡಾಕ್ಟರು ಮೂಗಿನಲ್ಲಿ ಏನೂ ದೋಷವಿಲ್ಲ ಎಂದಿದ್ದರು. ಅವನೂ ಅದನ್ನು ಅಲ್ಲಿಗೇ ಬಿಟ್ಟಿದ್ದ.

ಬಿಜೆರ್ತ ಪಟ್ಟಣದ ಹೊಸ ನಾಟಕಗಳ ಸ್ಪರ್ಧೆಯ ಮುಖ್ಯ ತೀರ್ಪುಗಾರ ತೀಜಾನಿ ಉಸ್ತಾದರು ಹಳೇ ಬಂದರಿನ ರಂಗಮಂದಿರದ ಮಹಡಿ ಕೋಣೆಯಲ್ಲಿ, ಹಿತ್ತಾಳೆ ಕುಟ್ಟಾಣಿಯಿಂದ ತಲೆಗೆ ಪೆಟ್ಟು ತಿಂದು ಸತ್ತಿದ್ದರು. ಆ ಸಂಜೆ ಅವರ ಜೊತೆ ಗಂಟಲು ಹರಿಯುವಂತೆ ಜಗಳವಾಡಿದವಳು ಹಯಾತ್. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತ, ಮೊದಲ ಸಲ ನಾಟಕ ಬರೆದು, ಕೊನೆಯ ಮೂರರವರೆಗೆ ಬಂದಿದ್ದ ಹುಡುಗಿ.

"ಉಸ್ತಾದರು ಏನು ಹೇಳಿದ್ರು, ಇನ್ನೊಂದ್ಸಲ ಹೇಳು."

"ಎಷ್ಟು ಸಲ ಹೇಳ್ಲಿ? ನಾಟಕದ ಕೊನೆ ಬದಲಾಯಿಸು ಅಂದ್ರು. ತಾಯಿ ಮಗನನ್ನ ಕ್ಷಮಿಸಬೇಕಂತೆ. ಇಲ್ಲಾಂದ್ರೆ ಜನ ಅತ್ಕೊಂಡು ಮನೆಗೆ ಹೋಗಲ್ವಂತೆ. ನೀವು ಸತ್ರೂ ನಾನು ಬದಲಾಯಿಸಲ್ಲ ಅಂದೆ." ಹಯಾತ್ ಕೈ ಇಳಿಸಿದಳು. "ಅವರು ಸತ್ತೇ ಹೋದ್ರು. ನನ್ನ ನಾಲಿಗೆಗೆ ಬೆಂಕಿ ಬಿತ್ತು."

"ಏಣಿ ವಿಷಯ?"

"ನಗ್ತಾ ಹೇಳಿದ್ರು. ಏಣಿ ಗುರುತಿನ ನಾಟಕ ಬರೆದೋನು ನನ್ನ ಪಕ್ಕದಲ್ಲೇ ಕೂತು, ತನ್ನ ನಾಟಕಕ್ಕೆ ತಾನೇ ತಲೆದೂಗ್ತಾನೆ, ನಾಳೆ ಅವನ ಬಣ್ಣ ಬಯಲು ಮಾಡ್ತೀನಿ ಅಂತ. ನಾನು ಹೊರಡೋವಾಗ ರೊಟ್ಟಿ ಮುರೀತಾ ಕೂತಿದ್ರು. ಚೆನ್ನಾಗೇ ಇದ್ರು."

ಸ್ಪರ್ಧೆಗೆ ನಾಟಕಗಳು ಹೆಸರಿಲ್ಲದೆ ಬರುತ್ತವೆ. ಹೆಸರಿನ ಜಾಗದಲ್ಲಿ ಬರೆದವರು ಒಂದು ಗುರುತು ಬಿಡಿಸುತ್ತಾರೆ. ಕೊನೆಯ ಮೂರರಲ್ಲಿ ಹಯಾತಳದ್ದು ಮೀನು. ಎರಡನೆಯದು ಏಣಿ. ಮೂರನೆಯದು ಮೊಳೆಗೆ ನೇತುಹಾಕಿದ ಒಂದು ಚೀಲ. ಚೀಲದ ನಾಟಕ ಯಾರದೆಂದು ಊರಲ್ಲಿ ಯಾರೂ ಹೇಳಿಕೊಂಡಿರಲಿಲ್ಲ, ಖಮೈಸನೂ ಕೇಳಿರಲಿಲ್ಲ.

"ಸಂಜೆ ಅಸರ್ ನಮಾಜಿಗೆ ವ್ಯಾನು ಬರುತ್ತೆ," ಎಂದ ಖಮೈಸ್. "ಸರ್ಕಾರಿ ವಕೀಲರು ರಾಜಧಾನಿ ಜೈಲಿಗೆ ಆರ್ಡರ್ ಮಾಡಿದಾರೆ."

"ಒಳಗೆ ಹೋದೋರು ಎಷ್ಟು ವರ್ಷಕ್ಕೆ ವಿಚಾರಣೆಗೆ ಬರ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು." ಹಯಾತ್ ಅಳಲಿಲ್ಲ. ಅವನ ಮುಖವನ್ನೇ ನೋಡಿದಳು. "ಸೀ ಖಮೈಸ್, ನಾನು ಮಾಡಿಲ್ಲ ಅಂತ ನಿಮಗೆ ಅನ್ಸುತ್ತಾ?"

"ನನಗೆ ಏನೂ ಅನ್ಸಲ್ಲಮ್ಮ," ಎಂದ ಖಮೈಸ್. ಅದು ಸತ್ಯವೇ ಆಗಿತ್ತು.

ಜೀಪಿನಲ್ಲಿ ನೌಫಲ್ ಪ್ಲಾಸ್ಟಿಕ್ ಲಕೋಟೆಯೊಂದನ್ನು ಅವನ ತೊಡೆಯ ಮೇಲಿಟ್ಟ. ಒಳಗೆ ಒಣಗಿದ ರೊಟ್ಟಿಯ ಎರಡು ತುಂಡು. ಬೇಕರಿಯ ಉದ್ದನೆಯ ರೊಟ್ಟಿ, ಕೈಯಲ್ಲಿ ಮುರಿದದ್ದು.

ಉಸ್ತಾದರ ಕೋಣೆಯಲ್ಲಿ ಮೇಜು ಮಗುಚಿತ್ತು. ತಟ್ಟೆ ಒಡೆದು ಎಣ್ಣೆ, ಹರಿಸ್ಸಾ ಖಾರ ನೆಲಕ್ಕೆಲ್ಲ ಚೆಲ್ಲಿತ್ತು. ಆದರೆ ರೊಟ್ಟಿ ನೆಲದ ಮೇಲಿರಲಿಲ್ಲ. ಗೋಡೆಯ ಮೇಲುಭಾಗದ ಸಣ್ಣ ಕಿಟಕಿಯ ಅಂಚಿನಲ್ಲಿ, ಎರಡೂ ತುಂಡು ಅಚ್ಚುಕಟ್ಟಾಗಿ ಕೂತಿದ್ದವು. ಕೆಳಮೈಗೆ ಹರಿಸ್ಸಾ ಮೆತ್ತಿಕೊಂಡಿತ್ತು. ಅಂದರೆ ಬಿದ್ದಿದ್ದವು, ಯಾರೋ ಎತ್ತಿ ಇಟ್ಟಿದ್ದರು.

ಈ ಊರಲ್ಲಿ ಹುಟ್ಟಿದ ಯಾರಾದರೂ ಅಷ್ಟೇ ಮಾಡುತ್ತಾರೆ. ಬಿದ್ದ ರೊಟ್ಟಿಯನ್ನು ಕಾಲ ಕೆಳಗೆ ಬಿಡುವುದಿಲ್ಲ. ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿ, ಕಾಲು ತಾಗದಷ್ಟು ಎತ್ತರದಲ್ಲಿ ಇಡುತ್ತಾರೆ. ಕಳ್ಳನೂ ಇಡುತ್ತಾನೆ, ಕುಡುಕನೂ ಇಡುತ್ತಾನೆ. ಎದೆ ಹೊಡೆದುಕೊಳ್ಳುತ್ತಿದ್ದರೂ ಕೈ ತಾನಾಗಿ ಆ ಕೆಲಸ ಮಾಡಿ ಮುಗಿಸುತ್ತದೆ.

ಖಮೈಸನಿಗೆ ಹಿಡಿಯಲು ಸಿಕ್ಕಿದ್ದು ಅದೊಂದೇ ಎಳೆ. ಕೋಣೆಯಲ್ಲಿದ್ದ ಒಂದೇ ಕುರ್ಚಿ ಮುರಿದು ಉಸ್ತಾದರ ಕೆಳಗೆ ಬಿದ್ದಿತ್ತು. ಮೇಜು ಮಗುಚಿತ್ತು. ಹತ್ತಿ ನಿಲ್ಲಲು ಏನೂ ಇರಲಿಲ್ಲ. ಆ ಕಿಟಕಿಗೆ ಕೈ ಎಟುಕಬೇಕಾದರೆ ಆಳು ಎತ್ತರವಿರಬೇಕು. ರೊಟ್ಟಿ ಎಲ್ಲಿತ್ತೆಂದು ಅವನು ನೌಫಲನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ಲ್ಯಾಬಿನವರು ಫೋನ್ ಮಾಡಿದ್ರು ಸಾರ್," ಎಂದ ನೌಫಲ್. "ಈ ಒಂದು ತುಂಡಿನ ಮೇಲಿರೋ ಕಂದು ಕಲೆ ಇದೆಯಲ್ಲ, ಅದು ರಕ್ತ ಅಲ್ವಂತೆ. ಹರಿಸ್ಸಾನೂ ಅಲ್ವಂತೆ. ಯಾವುದೋ ಗಿಡದ ಬಣ್ಣ ಅಂತಾರೆ. ಇನ್ನೊಂದರ ಮೇಲೆ ಅದಿಲ್ಲ."

ಖಮೈಸ್ ಲಕೋಟೆ ಬಿಚ್ಚಿ ಮೂಗಿಗೆ ಹಿಡಿದ. ಏನೂ ಬರಲಿಲ್ಲ. ಮತ್ತೆ ಮುಚ್ಚಿದ.

ರಂಗಮಂದಿರದ ಬಾಗಿಲಲ್ಲಿ, ಊರೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಮುಬಾರಕಾ ಗೋಡೆಯ ಮೇಲಿನ ದೀಪದ ಗಾಜು ಒರೆಸುತ್ತಿದ್ದಳು, ಸ್ಟೂಲಿನ ಹಂಗಿಲ್ಲದೆ. ವಯಸ್ಸಾದರೂ ಬಾಗದ ಹೆಂಗಸು. ಬಾಯಲ್ಲಿ ಯಾವಾಗಲೂ ಒಂದು ತೊಗಟೆ ಚೂರು ಜಗಿಯುತ್ತಿರಬೇಕು. ಕಸ ಗುಡಿಸುವುದು, ಚಹಾ ಕಾಯಿಸುವುದು, ಮಹಡಿ ಮೆಟ್ಟಿಲ ಬುಡದಲ್ಲಿ ಸ್ಟೂಲು ಹಾಕಿ ಕಾಯುವುದು ಅವಳ ಕೆಲಸ. ಕೊಲೆಯ ಮರುದಿನ ಬೆಳಿಗ್ಗೆ ಬಾಗಿಲು ತೆಗೆದು ಕಿರುಚಿದವಳು ಅವಳೇ. ಹೊಸ್ತಿಲು ದಾಟಲಿಲ್ಲ ಎಂದಿದ್ದಳು. ಹಯಾತ್ ಓಡಿಹೋದ ಮೇಲೆ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ ಎಂದು ಹೇಳಿಕೆ ಕೊಟ್ಟವಳೂ ಅವಳೇ. ಸರ್ಕಾರಿ ವಕೀಲರ ಇಡೀ ಕೇಸು ಆ ಒಂದು ಮಾತಿನ ಮೇಲೆ ನಿಂತಿತ್ತು.

"ಏನು ಮಗನೇ, ಮುಖ ಹೀಗೆ ಬತ್ತಿಹೋಗಿದೆ? ತಿಂದ್ಯಾ?"

"ತಿಂದೆ ಖಾಲಾ."

"ಸುಳ್ಳು ಹೇಳ್ತೀಯ. ಅವಳಿದ್ದಿದ್ರೆ ಕಿವಿ ಹಿಂಡ್ತಿದ್ಲು." ವಸಂತದಲ್ಲಿ ಸಿಹೆಮ್‌ಳ ದೇಹಕ್ಕೆ ಕೊನೆಯ ಸ್ನಾನ ಮಾಡಿಸಿದ ಹೆಂಗಸರಲ್ಲಿ ಮುಬಾರಕಾ ಹಿರಿಯಳು. ಅಂದಿನಿಂದ ಅವನು ಅವಳಿಗೆ ಮಗ. "ಒಳಗೆ ಹೋಗು, ಚಹಾ ತರ್ತೀನಿ."

ಒಳಗೆ, ರಂಗದ ಮೇಲೆ, ನಿರ್ದೇಶಕ ಲಮ್ಜೆದ್ ಬಹುಮಾನದ ಸಮಾರಂಭಕ್ಕೆ ಮೇಜು ಹಾಕಿಸುತ್ತಿದ್ದ. ತೀರ್ಪುಗಾರರಲ್ಲಿ ಒಬ್ಬ. ಆರಡಿ ದಾಟಿದ ಆಸಾಮಿ, ಕತ್ತಿಗೆ ರೇಷ್ಮೆ ಬಟ್ಟೆ, ಮಾತಿಗೆ ಅದಕ್ಕಿಂತ ನುಣುಪು.

"ಬನ್ನಿ ಸೀ ಖಮೈಸ್! ನಾಡಿದ್ದು ಉಸ್ತಾದರ ಹೆಸರಲ್ಲೇ ಬಹುಮಾನ ಕೊಡ್ತಿದೀವಿ. ಪಾಪ, ಆ ಹುಡುಗಿ ನಾಟಕ ಕೈಬಿಡಬೇಕಾಯ್ತು. ಕೊಲೆ ಆಪಾದನೆ ಇರೋರಿಗೆ ಹೇಗೆ ಕೊಡೋದು ಹೇಳಿ?"

"ಏಣಿಗೆ ಕೊಡ್ತೀರಾ?"

"ತೀರ್ಪುಗಾರರು ಕೂತು ಮಾತಾಡ್ಬೇಕು."

ಖಮೈಸ್ ಮೇಜಿನ ಅಂಚಿನಲ್ಲಿ ಕೂತು ಜೇಬಿನಿಂದ ಒಂದು ರೊಟ್ಟಿ ತುಂಡು ತೆಗೆದ. ದಾರಿಯಲ್ಲಿ ಕೊಂಡದ್ದು. ಮುರಿದು ಅರ್ಧ ಬಾಯಿಗಿಟ್ಟ, ಉಳಿದರ್ಧ ಕೈಜಾರಿದಂತೆ ನೆಲಕ್ಕೆ ಬಿಟ್ಟ. ಹಾಗೆ ಬಿಡುವಾಗ ಅವನ ಬೆನ್ನೇ ಒಂದು ಸಲ ಸೆಟೆದುಕೊಂಡಿತು. ಸತ್ತುಹೋದ ಮನಸ್ಸಿಗೂ ಕೆಲವು ಕೆಲಸ ಒಪ್ಪುವುದಿಲ್ಲ.

"ಆ ರಾತ್ರಿ ನೀವು ಮಹಡಿಗೆ ಹೋಗಿದ್ರಾ?"

"ಹೇಳಿದ್ದೀನಲ್ಲ, ಊಟದ ಹೊತ್ತಿಗೆ ಮನೆ ಸೇರಿದ್ದೆ. ನನ್ನ ಹೆಂಡತೀನ ಕೇಳಿ," ಎನ್ನುತ್ತಲೇ ಲಮ್ಜೆದ್ ಬಗ್ಗಿದ. ರೊಟ್ಟಿ ಎತ್ತಿದ, ತುಟಿಗೆ ಮುಟ್ಟಿಸಿದ, ಹಣೆಗೆ ಒತ್ತಿದ, ಕೈ ಚಾಚಿ ಹಿಂದಿನ ಪರದೆಯ ಮರದ ಪಟ್ಟಿಯ ಮೇಲೆ ಇಟ್ಟ. "ಮಹಡಿ ಕೋಣೆಗೆ ಒಂದು ವಾರದಿಂದ ಕಾಲಿಟ್ಟಿಲ್ಲ."

ಮಾತು ಒಂದು ಕಡೆ, ಕೈ ಇನ್ನೊಂದು ಕಡೆ. ಪಟ್ಟಿಯ ಎತ್ತರವನ್ನು ಖಮೈಸ್ ಕಣ್ಣಲ್ಲೇ ಅಳೆದ.

"ಅಷ್ಟು ಎತ್ತರಕ್ಕೆ ನನ್ನ ಕೈ ಎಟುಕಲ್ಲ, ಸೀ ಲಮ್ಜೆದ್."

"ಏನು?"

"ರೊಟ್ಟಿ." ಖಮೈಸ್ ಲಕೋಟೆ ಮೇಜಿನ ಮೇಲಿಟ್ಟ. "ಉಸ್ತಾದರ ಊಟದ್ದು. ಕಿಟಕಿ ಅಂಚಿನ ಮೇಲಿತ್ತು. ಹರಿಸ್ಸಾ ಎಣ್ಣೆ ಮೆತ್ತಿದ ಬೆರಳು ಬಿಳೀ ಬಣ್ಣದ ಮರಕ್ಕೆ ತಾಗಿದ್ರೆ ಎಷ್ಟು ಚೆನ್ನಾಗಿ ಅಚ್ಚು ಮೂಡುತ್ತೆ ಗೊತ್ತಾ? ಕೈ ಕೊಡಿ ಇಲ್ಲಿ. ಎರಡು ನಿಮಿಷದ ಕೆಲಸ."

ಅಚ್ಚು ಮೂಡಿದ್ದು ನಿಜ. ಒರೆಸಿದಂತಾಗಿ ಕೆಲಸಕ್ಕೆ ಬಾರದೆ ಹೋಗಿದ್ದೂ ನಿಜ. ಎರಡನೆಯದನ್ನು ಖಮೈಸ್ ಹೇಳಲಿಲ್ಲ.

ಲಮ್ಜೆದ್ ಕೈ ಕೊಡಲಿಲ್ಲ. ಅಂಗೈಗಳನ್ನು ಒಂದರೊಳಗೊಂದು ಹಿಸುಕಿಕೊಂಡು ಮೇಜು ಹಾಕುತ್ತಿದ್ದವರ ಕಡೆ ನೋಡಿದ. "ಹೊರಗೆ ಹೋಗ್ರಪ್ಪ ಸ್ವಲ್ಪ," ಎಂದ. ಹೋದರು.

"ನಾನು ಹೊಡೆದಿಲ್ಲ."

"ಹೊಡೆದಿರಿ ಅಂತ ನಾನೆಲ್ಲಿ ಅಂದೆ?"

"ಏಣಿ ನಂದೇ." ದನಿ ಮೊದಲ ಸಲ ಒರಟಾಯಿತು. "ಇಪ್ಪತ್ತು ವರ್ಷದಿಂದ ಬೇರೆಯೋರ ನಾಟಕ ಆಡಿಸಿದೀನಿ. ಒಂದು ಸಲ ನಂದೂ ಆಡಿಸ್ಬೇಕು ಅನ್ನಿಸ್ತು, ತಪ್ಪಾ? ಮುದುಕ ಅದನ್ನ ಓದಿಸಿದ ಮೊದಲ ದಿನಾನೇ ಪತ್ತೆ ಮಾಡ್ಬಿಟ್ಟ. ಕೈಕಾಲು ಹಿಡಿಯೋಣ ಅಂತ ಮೇಲೆ ಹೋದೆ."

"ಬಿದ್ದಿದ್ರು."

"ಬಿದ್ದಿದ್ರು."

"ಸತ್ತಿದ್ರಾ?"

ಲಮ್ಜೆದ್ ಕತ್ತಿನ ಬಟ್ಟೆ ಸಡಿಲಿಸಿಕೊಂಡ. "ಉಸಿರು ಬರ್ತಿತ್ತು."

"ನೀವೇನು ಮಾಡಿದ್ರಿ?"

"ರೊಟ್ಟಿ ಕಾಲಿಗೆ ಸಿಕ್ತು. ಎತ್ತಿಟ್ಟೆ."

"ಮನುಷ್ಯನ್ನ?"

ಖಾಲಿ ಕುರ್ಚಿಗಳ ಸಾಲು ಕತ್ತಲಲ್ಲಿ ಕೂತು ಕೇಳುತ್ತಿತ್ತು. ಖಮೈಸ್ ಕಾದ. ಈ ಮಾತಿಗೆ ತನಗೆ ಹೇಸಿಗೆ ಬರಬೇಕು ಎಂದು ಅವನಿಗೆ ಗೊತ್ತಿತ್ತು.

"ಬದುಕಿದ್ರೆ ನಾಳೆ ಹೇಳಿಬಿಡ್ತಿದ್ರು," ಎಂದ ಲಮ್ಜೆದ್ ಕೊನೆಗೆ. "ನಿಂತೆ. ಉಸಿರು ನಿಂತ ಮೇಲೆ ಬಂದೆ. ಬೈಯಿರಿ, ಹೊಡೀರಿ, ಏನಾದ್ರೂ ಮಾಡಿ. ಹಾಗೆ ನೋಡ್ಬೇಡಿ."

"ಎರಡು ತುಂಡೂ ನೀವೇ ಇಟ್ರಾ?"

"ಇಲ್ಲ. ನಾನು ಇಟ್ಟಿದ್ದು ಒಂದು." ಲಮ್ಜೆದ್ ಹುಬ್ಬು ಗಂಟಿಕ್ಕಿದ, ಆಗಷ್ಟೇ ನೆನಪಾದವನಂತೆ. "ಇನ್ನೊಂದು ಅಲ್ಲಿ ಆಗಲೇ ಇತ್ತು. ಅದರ ಪಕ್ಕದಲ್ಲೇ ಇಟ್ಟೆ."

"ಮೆಟ್ಟಿಲು ಹತ್ತೋವಾಗ ಖಾಲಾ ನಿಮ್ಮನ್ನ ನೋಡ್ಲಿಲ್ವಾ?"

"ಎಲ್ಲಿ ನೋಡ್ತಾಳೆ? ಸ್ಟೂಲು ಖಾಲಿ ಇತ್ತು. ಅದಕ್ಕೇ ಧೈರ್ಯ ಮಾಡಿ ಹತ್ತಿದ್ದು."

ನೌಫಲ್ ಲಮ್ಜೆದನನ್ನು ಜೀಪಿಗೆ ಕರೆದುಕೊಂಡು ಹೋದ. ಖಮೈಸ್ ಪರದೆಯ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತು ಸರ್ಕಾರಿ ವಕೀಲರಿಗೆ ಫೋನ್ ಮಾಡಿದ.

"ಅವನು ಆಮೇಲೆ ಬಂದ, ನೋಡಿದ, ಹೋದ," ಎಂದರು ವಕೀಲರು. "ನಾಚಿಕೆಗೆಟ್ಟ ಮನುಷ್ಯ, ಒಪ್ತೀನಿ. ಹೊಡೆದೋಳು ಹುಡುಗಿ ಅಲ್ಲ ಅಂತ ಅದರಿಂದ ಹೇಗ್ರೀ ಆಗುತ್ತೆ?"

"ಅವನಿಗಿಂತ ಮೊದಲು ಇನ್ನೊಬ್ರು ಇದ್ರು ಸಾರ್. ಮೊದಲನೇ ತುಂಡು ಇಟ್ಟೋರು. ಹಯಾತಳ ಕೈ ಅಲ್ಲಿಗೆ ಎಟುಕಲ್ಲ."

"ಯಾರು ಅಂತ ಹೇಳಿ, ವ್ಯಾನು ನಿಲ್ಲಿಸ್ತೀನಿ. ಎಟುಕಲ್ಲ ಗಿಟುಕಲ್ಲ ಅಂದ್ರೆ ನಿಲ್ಲಿಸಲ್ಲ. ಬಾಂಗ್ ಆಗೋವರೆಗೂ ಟೈಮಿದೆ."

ಫೋನ್ ಇಟ್ಟ. ಲಕೋಟೆ ಬಿಚ್ಚಿ ಕಂದು ಕಲೆಯ ತುಂಡನ್ನು ಅಂಗೈಯಲ್ಲಿ ಹಿಡಿದುಕೊಂಡ. ಅವನ ಅಡುಗೆಮನೆ ಬಾಗಿಲ ಹಿಂದೆಯೂ ಹೀಗೇ ಒಣಗಿದ ರೊಟ್ಟಿ ಇದೆ. ಉಳಿದ ಚೂರುಗಳನ್ನು ಕುರಿ ಕಾಯುವವನಿಗೆ ಕೊಡಲೆಂದು ಸಿಹೆಮ್ ಚೀಲದಲ್ಲಿ ತುಂಬಿಡುತ್ತಿದ್ದಳು. ಅವಳು ಕೊನೆಯದಾಗಿ ತುಂಬಿದ ಚೀಲ ಇನ್ನೂ ಅಲ್ಲೇ ಮೊಳೆಗೆ ನೇತಾಡುತ್ತಿದೆ. ಕೊಡಲು ಅವನ ಕೈ ಬಂದಿಲ್ಲ.

"ತಗೋ, ಬಿಸಿಯಿದೆ."

ಮುಬಾರಕಾ ತಟ್ಟೆಯಲ್ಲಿ ಚಹಾ ಲೋಟ ಹಿಡಿದು ಬಗ್ಗಿದಳು. ಅವಳ ಉಸಿರು ಅವನ ಮುಖಕ್ಕೆ ತಾಗಿತು.

ವಾಸನೆ ಬಂತು.

ತಿಂಗಳುಗಟ್ಟಲೆ ಸತ್ತು ಬಿದ್ದಿದ್ದ ಮೂಗಿಗೆ ಅದು ಹೊಡೆದಂತೆ ಬಂತು. ಅಕ್ರೋಟು ಮರದ ತೊಗಟೆ, ಕಹಿ, ಒಗರು. ಹಬ್ಬದ ಬೆಳಿಗ್ಗೆ ಸಿಹೆಮ್ ಅದನ್ನೇ ಜಗಿದು ಹಲ್ಲುಜ್ಜಿ, ಕಂದುಗೆಂಪು ತುಟಿಯಲ್ಲಿ ನಕ್ಕು "ನೋಡು, ಹೇಗಿದೀನಿ?" ಎನ್ನುತ್ತಿದ್ದಳು. ಖಮೈಸನ ಎದೆಯೊಳಗೆ ಏನೋ ಕಿತ್ತು ಬಂದಂತಾಯಿತು. ನೋವು. ಅಷ್ಟು ದಿನ ಎಲ್ಲಿತ್ತೋ, ಒಟ್ಟಿಗೇ ಬಂತು. ಲೋಟದ ಚಹಾ ಬೆರಳ ಮೇಲೆ ಚೆಲ್ಲಿತು, ಬಿಸಿ ಅನಿಸಿತು.

ಅವನು ಮುಬಾರಕಾಳ ತುಟಿ ನೋಡಿದ. ಅಂಗೈಯಲ್ಲಿದ್ದ ರೊಟ್ಟಿಯ ಕಲೆ ನೋಡಿದ. ಎರಡೂ ಒಂದೇ ಬಣ್ಣ.

"ಖಾಲಾ," ಎಂದ, "ನೀನು ಹೊಸ್ತಿಲು ದಾಟಿದ್ದೆ."

ಮುಬಾರಕಾ ತಟ್ಟೆಯನ್ನು ಎದೆಗೆ ಅವಚಿಕೊಂಡು ನಿಂತಳು. ರೊಟ್ಟಿಯನ್ನೂ ಅವನ ಒದ್ದೆ ಕಣ್ಣನ್ನೂ ನೋಡಿ ನಿಟ್ಟುಸಿರು ಬಿಟ್ಟಳು.

"ದಾಟಿದ್ದೆ. ಹುಡುಗಿ ಹೋದ ಮೇಲೆ ನಾನು ಬಿಸಿನೀರಿಗೆ ಅಂತ ಹಿತ್ತಲಿಗೆ ಹೋಗಿದ್ದೆ. ವಾಪಸ್ ಬರೋವಾಗ ಮೇಲೆ ಧಡಾರ್ ಅಂತ ಸದ್ದು. ಯಾರೋ ಹಿಂದಿನ ಬಾಗಿಲಿಂದ ಇಳಿದು ಹೋದ್ರು, ಬೂಟಿನ ಸಪ್ಪಳ. ಹತ್ತಿ ನೋಡ್ತೀನಿ, ಮುದುಕ ಬಿದ್ದಿದಾನೆ. ಕಾಲ ಬುಡದಲ್ಲಿ ರೊಟ್ಟಿ. ಕೈ ತಾನಾಗೇ ಎತ್ತಿಡ್ತು. ಆಮೇಲೆ ಅವನ ತಲೆ ತೊಡೆ ಮೇಲಿಟ್ಕೊಂಡೆ. ಓಡಿ ಯಾರನ್ನಾದ್ರೂ ಕರೀಬೇಕು ಅನ್ನೋ ಅಷ್ಟರಲ್ಲಿ ಮತ್ತೆ ಬೂಟಿನ ಸಪ್ಪಳ. ಹೆದರಿ ಅಲ್ಲೇ ಮೂಲೇಲಿ ನೇತುಹಾಕಿದ್ದ ವೇಷದ ಬಟ್ಟೆಗಳ ಹಿಂದೆ ಸೇರ್ಕೊಂಡೆ. ಲಮ್ಜೆದ್ ಅಂತ ಆಮೇಲೆ ಗೊತ್ತಾಯ್ತು."

"ಮೊದಲು ಇಳಿದು ಹೋದೋರು ಯಾರು ಅಂದ್ಕೊಂಡೆ?"

ಮುಬಾರಕಾ ಬಾಗಿಲ ಕಡೆ ಒಮ್ಮೆ ನೋಡಿದಳು.

"ಹೇಳು ಖಾಲಾ. ಒಂದು ಹುಡುಗಿನ ಜೈಲಿಗೆ ಕಳಿಸ್ತಿದೀಯ. ಯಾಕೆ ಸುಳ್ಳು ಹೇಳ್ದೆ? ಯಾರನ್ನ ಉಳಿಸೋಕೆ?"

"ನಿನ್ನ," ಎಂದಳು ಮುಬಾರಕಾ.

ಹೊರಗೆ ಮೀನು ಮಾರುವವನೊಬ್ಬ ಕೂಗುತ್ತ ಹೋದ.

"ಮುದುಕ ನನ್ನ ತೊಡೆ ಮೇಲೆ ಒಂದೇ ಮಾತು ಆಡಿದ. 'ಸಿಹೆಮ್‌ಳ ಗಂಡ' ಅಂದ. ಎರಡು ಸಲ ಅಂದ. ಬೇರೆ ಏನೂ ಇಲ್ಲ." ಅವಳ ದನಿ ತಗ್ಗಿತು. "ಚೀಲದ ಗುರುತಿನ ನಾಟಕ ಇದೆಯಲ್ಲ, ಅದು ಅವಳು ಬರೆದಿದ್ದು. ಕಾಯಿಲೆ ಜೋರಾದಾಗ ನನ್ನ ಕೈಲೇ ಇಲ್ಲಿಗೆ ಕಳಿಸಿದ್ಲು. ಅದರಲ್ಲಿ ನೀನಿದೀಯಂತೆ ಮಗನೇ. ಒಳ್ಳೆಯವನಾಗಿ ಇಲ್ವಂತೆ. ಓದಿಸೋವಾಗ ಕೇಳಿದೋರು ಅತ್ತರು. ನಿನಗೆ ಗೊತ್ತಾಗಿ, ಸಿಟ್ಟು ತಡೀಲಾರದೆ ಬಂದೆ ಅಂದ್ಕೊಂಡೆ. ಅವಳನ್ನ ತೊಳೆದ ಕೈ ಇದು. ಅವಳ ಗಂಡನ್ನ ನಾನು ಹೇಗೆ ಹಿಡಿದುಕೊಡ್ಲಿ?"

ಖಮೈಸ್ ಎದ್ದು ನಿಂತ. ಆ ರಾತ್ರಿ ತಾನೆಲ್ಲಿದ್ದೆ ಎಂದು ಯಾರೂ ಅವನನ್ನು ಕೇಳಿರಲಿಲ್ಲ. ಪೊಲೀಸರನ್ನು ಯಾರು ಕೇಳುತ್ತಾರೆ? ಮನೆಯಲ್ಲಿ ದೀಪ ಹಾಕದೆ, ಆರಿದ ಟೀವಿಯ ಎದುರು ಕೂತಿದ್ದ. ಕೂತಿದ್ದನ್ನು ನೋಡಿದವರು ಯಾರೂ ಇಲ್ಲ.

"ನಾನಲ್ಲ ಖಾಲಾ."

"ನೀನು ಹಾಗೇ ಹೇಳ್ಬೇಕು," ಎಂದಳು ಮುಬಾರಕಾ ಪ್ರೀತಿಯಿಂದ. ನಂಬಿರಲಿಲ್ಲ. "ಸುಮ್ಮನಿದ್ದುಬಿಡು. ವ್ಯಾನು ಹೋಗ್ಲಿ. ನಾನು ಬಾಯಿ ಬಿಡಲ್ಲ."

ಹಳೇ ಬಂದರಿನ ಮಸೀದಿಯಿಂದ ಅಸರ್ ಬಾಂಗ್ ಎದ್ದಿತು. ಹಯಾತ್ ಗೋಡೆಗೆ ಕೈ ಎತ್ತಿ ನಿಂತದ್ದು ಅವನ ಕಣ್ಣಿಗೆ ಬಂತು. ನನಗೆ ಏನೂ ಅನ್ಸಲ್ಲಮ್ಮ ಎಂದಿದ್ದ ಅವಳಿಗೆ. ಈಗ ಅನಿಸುತ್ತಿತ್ತು, ಬೇಡವೆಂದರೂ ಬಿಡದೆ. ರೊಟ್ಟಿಯನ್ನು ಪೆಟ್ಟಿಗೆಯ ಮೇಲೆ ಜೋಪಾನವಾಗಿ ಇಟ್ಟು ಫೋನ್ ಒತ್ತಿದ.

"ವ್ಯಾನು ನಿಲ್ಲಿಸಿ ಸಾರ್. ಮೊದಲು ಕೋಣೆಗೆ ಹೋದ ಸಾಕ್ಷಿ ಸಿಕ್ಕಿದಾಳೆ. ಹುಡುಗಿ ಹೋದ ಮೇಲೆ ಇನ್ನೊಬ್ರು ಬಂದು ಹೋಗಿದಾರೆ."

ಮುಬಾರಕಾ ಬೇಡ ಬೇಡ ಎಂದು ತಲೆಯಾಡಿಸುತ್ತ ಅವನ ತೋಳು ಹಿಡಿದಳು.

"ಭಲೇ," ಎಂದರು ವಕೀಲರು. "ಉಸ್ತಾದರು ಸಾಯೋ ಮುಂಚೆ ಏನಾದ್ರೂ ಹೇಳಿದಾರಾ?"

"ಹೇಳಿದಾರೆ."

"ಯಾರ ಹೆಸರು?"

"ನಂದು," ಎಂದ ಖಮೈಸ್.